ಸಿಹಿಗೊಂದು ದಿನ

1771ನೆಯ ಇಸವಿ ಫೆಬ್ರವರಿ 12ನೆಯ ತಾರೀಖು, ಮಂಗಳವಾರ. ಸ್ವೀಡನ್ ದೇಶದ ದೊರೆ ಅಡಾಲ್ಫ್ ಫ್ರೆಡ್ರಿಕ್ ಅಂದು ಭರ್ಜರಿಯಾಗಿ ಊಟಮಾಡಿದ. ಹುಳಿ ಬರಿಸಿದ ಕೋಸು, ಗೆಡ್ಡೆಗಳೊಡನೆ ಬೇಯಿಸಿದ ಮಾಂಸ, ಸಮುದ್ರದ ದೊಡ್ಡ ಸೀಗಡಿ, ಮೀನಿನ ತತ್ತಿ, ಹೊಗೆಗೆ ಹಿಡಿದ ಮೀನು, ಜೊತೆಗೆ ಷಾಂಪೇನ್. ಇಷ್ಟೂ ಸಾಲದೆಂಬಂತೆ ಆತನಿಗೆ ಪಂಚಪ್ರಾಣವಾಗಿದ್ದ 'ಹೇಟ್‌ವೆಗ್' ಎಂಬ ಸಿಹಿಯೂ ಇತ್ತು: ಬಿಸಿಹಾಲಿನ ಬಟ್ಟಲಲ್ಲಿ ನೆನೆಯಿಸಿದ ಗೋಧಿಯ ಬನ್ನು. ಹದಿನಾಲ್ಕು ಬಟ್ಟಲು ತಿಂದನೆಂದು ಆಮೇಲೆ ಜನ ಕಥೆ ಕಟ್ಟಿದರು. ಲೆಕ್ಕವನ್ನು ಕಥೆಗಾರರಿಗೇ ಬಿಡೋಣ. ಊಟವಾದಮೇಲೆ ದೊರೆಗೆ ಸಂಕಟ ಶುರುವಾಯಿತು. ಅಂದೇ ಪ್ರಾಣ ಹೋಯಿತು. ಪಟ್ಟಕ್ಕೆ ಬರಬೇಕಾದ ಮಗ ಗುಸ್ಟಾವ್ ಆಗ ದೂರದ ಪ್ಯಾರಿಸ್ಸಿನಲ್ಲಿದ್ದ.

ಅಡಾಲ್ಫ್ ಫ್ರೆಡ್ರಿಕ್ ಕೆಟ್ಟ ಮನುಷ್ಯನಲ್ಲ. ಅವನ ಕಾಲದಲ್ಲಿ ಅಧಿಕಾರವೆಲ್ಲ ಪ್ರತಿನಿಧಿಸಭೆಯ ಕೈಯಲ್ಲಿತ್ತು. ದೊರೆ ಸಹಿ ಹಾಕಲಾರೆನೆಂದು ಹಟ ಹಿಡಿದರೆ ಅವನ ಹೆಸರಿನ ಮೊಹರೊಂದನ್ನು ಒತ್ತಿ ಕಾಗದ ವಿಲೇವಾರಿ ಮಾಡುತ್ತಿದ್ದರು. ಪಾಪ, ಅವನು ತಿರುಗಣಿಯ ಮೇಲೆ ನಶ್ಯದ ಡಬ್ಬಿ ಕಡೆಯುತ್ತ ಹೊತ್ತು ಕಳೆಯುತ್ತಿದ್ದ. ಇಪ್ಪತ್ತು ವರ್ಷ ಸಿಂಹಾಸನದ ಮೇಲಿದ್ದವನನ್ನು ಇಂದು ಅಲ್ಲಿನ ಮಕ್ಕಳು ನೆನೆಯುವುದು ಕಟ್ಟಕಡೆಯ ಊಟದಿಂದ, ತಿಂದು ಸತ್ತ ದೊರೆ ಎಂದು. ಸಾವಿಗೆ ಕಾರಣ ಮಿದುಳಿನ ಆಘಾತವಿರಬೇಕೆಂದು ಈಗಿನವರು ಹೇಳುತ್ತಾರೆ. ಆದರೆ ಆ ಕಾಲದ ಕವಿ ಯೋಹಾನ್ ಗಾಬ್ರಿಯೆಲ್ ಊಕ್ಸೆನ್‌ಶೆರ್ನಾ ಅಪರಾಧಿಯನ್ನು ಗುರುತಿಸಿಬಿಟ್ಟಿದ್ದ. ರಾಜಹತ್ಯೆ ಮಾಡಿದ ಈ ತಿಂಡಿಯನ್ನು ದೇಶದಿಂದಲೇ ಗಡೀಪಾರು ಮಾಡತಕ್ಕದ್ದು ಎಂಬರ್ಥದ ಮಾತು ಅವನ ದಿನಚರಿಯಲ್ಲಿದೆ.

ಗಡೀಪಾರು ಆಗಲಿಲ್ಲ. ಎರಡೂವರೆ ಶತಮಾನ ಕಳೆದ ಮೇಲೆ ಇಂದಿಗೂ ಆ ಮಂಗಳವಾರ ಬಂತೆಂದರೆ ಸ್ಟಾಕ್‌ಹೋಮಿನ ಬೇಕರಿಗಳ ಮುಂದೆ ಜನ ಸಾಲು ನಿಲ್ಲುತ್ತಾರೆ. ತಿಂಡಿಯ ಈಗಿನ ಹೆಸರು 'ಸೆಮ್ಲಾ'. ಲ್ಯಾಟಿನ್ನಿನಲ್ಲಿ 'ಸಿಮಿಲಾ' ಎಂದರೆ ನಯವಾಗಿ ಬೀಸಿದ ಗೋಧಿಹಿಟ್ಟು. ಆ ಶಬ್ದ ಜರ್ಮನರ ನಾಡನ್ನು ಹಾದು ಉತ್ತರಕ್ಕೆ ಹೋಗಿ ಈ ರೂಪ ತಾಳಿತು. ಹೆಸರಿನಲ್ಲೇ ಅದರ ಕುಲಗೋತ್ರ ತಿಳಿಯುತ್ತದೆ. ವರ್ಷದ ಮಿಕ್ಕ ದಿನಗಳಲ್ಲಿ ಸ್ವೀಡನ್ನಿನ ರೈತನ ಪಾಲಿಗೆ ಇದ್ದದ್ದು ರೈ ಎಂಬ ಧಾನ್ಯದ ಕಪ್ಪು ರೊಟ್ಟಿ, ಬಾರ್ಲಿಯ ಗಂಜಿ. ಬಿಳಿಯ ಹಿಟ್ಟು ಹಬ್ಬದ ಹಿಟ್ಟು. ಇಂದಿನ ಸೆಮ್ಲಾ ಮಾಡುವ ಕ್ರಮ ಹೀಗೆ: ಏಲಕ್ಕಿ ಹಾಕಿ ಹುದುಗು ಬರಿಸಿದ ಹಿಟ್ಟಿನಿಂದ ದುಂಡನೆಯ ಬನ್ನು ಬೇಯಿಸುತ್ತಾರೆ. ಅದರ ನೆತ್ತಿಯನ್ನು ಮುಚ್ಚಳದಂತೆ ಕೊಯ್ದು, ಒಳಗಿನ ತಿರುಳನ್ನು ತೋಡಿ, ಬಾದಾಮಿ ಸಕ್ಕರೆ ಸೇರಿಸಿ ಅರೆದ ಹೂರಣದೊಡನೆ ಅದನ್ನು ಕಲಸಿ ಮತ್ತೆ ತುಂಬುತ್ತಾರೆ. ಮೇಲೆ ನೊರೆನೊರೆಯಾಗಿ ಕಡೆದ ಕೆನೆ, ಕೆನೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಸಕ್ಕರೆಯ ಪುಡಿ. ಕೆನೆಯ ಈ ವೈಭವ 20ನೆಯ ಶತಮಾನದ್ದು. ದೊರೆ ತಿಂದದ್ದು ಹಾಲಿನ ಬಟ್ಟಲಿನದು. ಈಗಲೂ ಕೆಲವರು ಹಳೆಯ ರೀತಿಯಲ್ಲಿ ಬಿಸಿಹಾಲಿಗೆ ಹಾಕಿಕೊಂಡೇ ತಿನ್ನುತ್ತಾರೆ.

ಮಂಗಳವಾರವೇ ಏಕೆ? ಮಾರನೆಯ ದಿನ ಬೂದಿ ಬುಧವಾರ. ಅಂದಿನಿಂದ ಈಸ್ಟರ್ ಹಬ್ಬದವರೆಗೆ ಕ್ರೈಸ್ತರಿಗೆ ನಲವತ್ತು ದಿನಗಳ ತಪಸ್ಸುಕಾಲ. ಹಿಂದಿನ ಕಟ್ಟಳೆಯಲ್ಲಿ ಮಾಂಸವಷ್ಟೇ ಅಲ್ಲ, ಹಾಲು ಬೆಣ್ಣೆ ಮೊಟ್ಟೆಗಳೂ ನಿಷಿದ್ಧ. ಹಾಗಾಗಿ ವ್ರತ ಹಿಡಿಯುವ ಹಿಂದಿನ ದಿನ ಮನೆಯಲ್ಲಿದ್ದ ಜಿಡ್ಡು ಜಿನಸನ್ನೆಲ್ಲ ಖರ್ಚುಮಾಡಿ ಹೊಟ್ಟೆ ಬಿರಿಯ ಉಣ್ಣುವುದು ವಾಡಿಕೆ. ಆ ದಿನಕ್ಕೆ ಅವರ ಭಾಷೆಯಲ್ಲಿ 'ಜಿಡ್ಡಿನ ಮಂಗಳವಾರ' ಎಂದೇ ಹೆಸರು. 16ನೆಯ ಶತಮಾನದಲ್ಲಿ ಸ್ವೀಡನ್ ರೋಮಿನ ಪೋಪರನ್ನು ಬಿಟ್ಟು ಲೂಥರನ ಮಾರ್ಗ ಹಿಡಿಯಿತು. ಉಪವಾಸದ ಕಟ್ಟು ಸಡಿಲವಾಗಿ ಕ್ರಮೇಣ ಕಳಚಿಹೋಯಿತು. ಸೋಜಿಗವೆಂದರೆ, ವ್ರತ ಹೋಯಿತು, ವ್ರತದ ಹಿಂದಿನ ದಿನದ ಊಟ ಉಳಿಯಿತು. ಉಳಿದದ್ದಷ್ಟೇ ಅಲ್ಲ; ಉಪವಾಸವಿಲ್ಲದ ಆ ನಲವತ್ತು ದಿನಗಳ ಪ್ರತಿ ಮಂಗಳವಾರವೂ ಅದನ್ನು ತಿನ್ನುವ ಪದ್ಧತಿ ಹುಟ್ಟಿಕೊಂಡಿತು. ಧರ್ಮಶಾಸ್ತ್ರಕ್ಕಿಂತ ನಾಲಗೆಯ ನೆನಪು ಗಟ್ಟಿಯೆಂದು ಕಾಣುತ್ತದೆ.

ಸ್ವೀಡಿಷರ ಸಿಹಿತಿಂಡಿಗಳ ಚರಿತ್ರೆಯನ್ನು ನೋಡುತ್ತ ಹೋದರೆ ಈ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಅಲ್ಲಿ ಸಿಹಿಗೆ ಒಂದು ದಿನವಿದೆ. ಇಂಥ ತಿಂಡಿಗೆ ಇಂಥ ತಾರೀಖು ಎಂದು ಪಂಚಾಂಗದಲ್ಲಿ ಬರೆದಿಟ್ಟಂತೆ. ದಿನವನ್ನು ಗೊತ್ತುಮಾಡುವವರು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದ್ದಾರೆ. ಕೊನೆಗೆ ಗೊತ್ತುಮಾಡಿದವರ ಕಥೆ ಅಷ್ಟೇನೂ ಸಿಹಿಯಾದುದಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಮಾರ್ಚ್ 25ನ್ನು ತೆಗೆದುಕೊಳ್ಳಿ. ಕ್ರಿಸ್ಮಸ್ಸಿಗೆ ಸರಿಯಾಗಿ ಒಂಬತ್ತು ತಿಂಗಳ ಮುಂಚಿನ ದಿನ. ಕನ್ಯೆ ಮರಿಯಳಿಗೆ ದೇವದೂತ ಮಂಗಳವಾರ್ತೆ ತಂದ ಹಬ್ಬ. ಇದಕ್ಕೆ ಸ್ವೀಡಿಷ್ ಭಾಷೆಯಲ್ಲಿ 'ವೋರ್‌ಫ್ರುಡಾಗೆನ್' ಎಂದು ಹೆಸರು, ನಮ್ಮ ಅಮ್ಮನವರ ದಿನ ಎಂದರ್ಥ. ಹಳ್ಳಿಗರ ಬಾಯಲ್ಲಿ ಈ ಮಾತು ಸವೆದು ಸವೆದು 'ವೊಫೆಲ್‌ಡಾಗೆನ್' ಆಯಿತು. 'ವೊಫ್ಲಾ' ಎಂದರೆ ಕಬ್ಬಿಣದ ಅಚ್ಚಿನಲ್ಲಿ ಒತ್ತಿ ಬೇಯಿಸುವ ಚೌಕುಳಿ ಚೌಕುಳಿಯಾದ ದೋಸೆ, ನಾವು ವೇಫಲ್ ಎನ್ನುವುದು. ಮಾತು ಹೀಗೆ ತಿರುಗಿದ ಮೇಲೆ ಜನ ಸುಮ್ಮನಿರುತ್ತಾರೆಯೆ? ಅಂದು ಮನೆಮನೆಯಲ್ಲೂ ವೇಫಲ್ ಹುಯ್ಯತೊಡಗಿದರು, ಈಗಲೂ ಹುಯ್ಯುತ್ತಾರೆ. ತರಗತಿಯಲ್ಲಿ ಭಾಷಾಶಾಸ್ತ್ರ ಹೇಳುವವರು ಜನರು ಕಟ್ಟುವ ನಿರುಕ್ತಿಗೆ ಉದಾಹರಣೆ ಹುಡುಕಿ ತಲೆ ಕೆರೆದುಕೊಳ್ಳುವುದುಂಟು. ಶಬ್ದದ ತಪ್ಪು ಉಚ್ಚಾರಣೆ ಒಂದು ದೇಶದ ಒಲೆಗಳನ್ನೆಲ್ಲ ಹೊತ್ತಿಸಿದ ಇಂಥ ಉದಾಹರಣೆ ನನಗೆ ಇನ್ನೊಂದು ಸಿಕ್ಕಿಲ್ಲ.

ಡಿಸೆಂಬರ್ 13 ಸಂತ ಲೂಸಿಯಾಳ ದಿನ. ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕ ಜಾರುತ್ತ ಬಂದದ್ದರಿಂದ ಮಧ್ಯಯುಗದಲ್ಲಿ ವರ್ಷದ ಅತಿ ದೀರ್ಘವಾದ ರಾತ್ರಿ ಈ ತಾರೀಖಿಗೆ ಬೀಳುತ್ತಿತ್ತು. 1753ರಲ್ಲಿ ಸ್ವೀಡನ್ ಹೊಸ ಪಂಚಾಂಗಕ್ಕೆ ಬದಲಾಯಿಸಿಕೊಂಡಿತು. ರಾತ್ರಿ ಮುಂದಕ್ಕೆ ಸರಿಯಿತು, ಹಬ್ಬ ಅಲ್ಲೇ ನಿಂತಿತು. ಮಧ್ಯಾಹ್ನ ಮೂರಕ್ಕೆ ಕತ್ತಲಾಗುವ ಆ ದಿನಗಳಲ್ಲಿ ಕೇಸರಿ ಹಾಕಿ ಹಳದಿ ಬಣ್ಣ ಬರಿಸಿದ ಬನ್ನುಗಳನ್ನು ಮಾಡುತ್ತಾರೆ. ಎರಡೂ ತುದಿ ಸುರುಳಿ ಸುತ್ತಿ, ಸುರುಳಿಯ ನಡುವೆ ಒಂದೊಂದು ಒಣದ್ರಾಕ್ಷಿ ಒತ್ತಿರುತ್ತಾರೆ. ಹೆಸರು 'ಲುಸ್ಸೆಕಟ್', ಲೂಸಿಯಾಳ ಬೆಕ್ಕು. ನೆತ್ತಿಯ ಮೇಲೆ ಉರಿಯುವ ಮೇಣದ ಬತ್ತಿಗಳ ಕಿರೀಟವಿಟ್ಟ ಬಿಳಿಯುಡುಗೆಯ ಹುಡುಗಿ, ಅವಳ ಹಿಂದೆ ಹಾಡುತ್ತ ಬರುವ ಸಾಲು, ಇದನ್ನು ನೋಡಿದವರು ಅನಾದಿಕಾಲದ ಆಚರಣೆಯೆಂದು ಭಾವಿಸುತ್ತಾರೆ. ಆದರೆ ಊರಿಗೊಬ್ಬ ಲೂಸಿಯಾಳನ್ನು ಆರಿಸಿ ಮೆರವಣಿಗೆ ಮಾಡುವ ಪದ್ಧತಿ ಹರಡಿದ್ದು 1927ರಲ್ಲಿ ಸ್ಟಾಕ್‌ಹೋಮಿನ ಪತ್ರಿಕೆಯೊಂದು ಸ್ಪರ್ಧೆ ಏರ್ಪಡಿಸಿದ ಮೇಲೆ. ಪತ್ರಿಕೆಗಳೂ ಹಬ್ಬ ಹುಟ್ಟಿಸಬಲ್ಲವು!

ಇನ್ನು ನವೆಂಬರ್ 6. 1632ರಲ್ಲಿ ಲ್ಯೂಟ್ಸೆನ್ ರಣರಂಗದಲ್ಲಿ ಎರಡನೆಯ ಗುಸ್ಟಾವ್ ಅಡಾಲ್ಫ್ ದೊರೆ ಮಡಿದ ದಿನ. ಅಂದು ಅವನ ಮುಖದ ಅಚ್ಚನ್ನು ಮೇಲಿಟ್ಟ ಕೇಕು ತಿನ್ನುತ್ತಾರೆ. ಅವನೇ ಸ್ಥಾಪಿಸಿದ ಗೋಥೆನ್‌ಬರ್ಗ್ ನಗರದಲ್ಲಿ ಇದಕ್ಕೆ ಹೆಚ್ಚು ಗೌರವ. ಒಬ್ಬ ದೊರೆ ತಿಂಡಿ ತಿಂದು ಸತ್ತ, ಇನ್ನೊಬ್ಬ ದೊರೆ ಸತ್ತು ತಿಂಡಿಯಾದ.

ಇವೆಲ್ಲ ಪೇಟೆಯ ತಿಂಡಿಗಳಾಯಿತು. ಹಳ್ಳಿಯಲ್ಲಿ ದಿನ ಗೊತ್ತುಮಾಡುತ್ತಿದ್ದದ್ದು ಚರ್ಚಿಗಿಂತ ಹೆಚ್ಚಾಗಿ ಹಸು. ಚಳಿಗಾಲದಲ್ಲಿ ಕೊಟ್ಟಿಗೆಯಲ್ಲೇ ಬಡಕಲಾಗಿ ನಿಂತ ಹಸು ಕರು ಹಾಕಿದಾಗ ಮನೆಗೆ ಹಾಲು. ಆ ಮೊದಲ ಹಾಲನ್ನು ಬಟ್ಟಲಿಗೆ ಹುಯ್ದು ಬೇಯಿಸಿದರೆ ತಾನಾಗಿಯೇ ಗಟ್ಟಿಯಾಗುತ್ತದೆ. ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಿಣ್ಣು ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಸ್ವೀಡಿಷರು ಇದನ್ನು 'ಕಾಲ್ವ್‌ಡಾನ್ಸ್' ಎನ್ನುತ್ತಾರೆ, ಕರುವಿನ ಕುಣಿತ! ಬಟ್ಟಲು ಅಲ್ಲಾಡಿಸಿದಾಗ ಅದು ನಡುಗುವುದನ್ನು ಕಂಡವರಿಗೆ ಹೆಸರು ಒಪ್ಪುತ್ತದೆ. ದಕ್ಷಿಣದ ಸ್ಮೋಲಂಡ್ ಸೀಮೆಯಲ್ಲಿ ಇನ್ನೊಂದು ಹಾಲಿನ ತಿಂಡಿ ಇದೆ, 'ಊಸ್ಟ್‌ಕಾಕಾ'. ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಹಾಲು ಒಡೆಯಿಸಿ, ಮೊಟ್ಟೆ, ಕೆನೆ, ಬಾದಾಮಿ ಸೇರಿಸಿ, ತಾಮ್ರದ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಮದುವೆ ಮುಂಜಿಯಂಥ ಕೂಟಗಳಿಗೆ ಬರುವವರು ತಮ್ಮ ತಮ್ಮ ಮನೆಯಿಂದ ಒಂದೊಂದು ಮಾಡಿ ತರುವುದು ರೂಢಿ. ಹತ್ತು ಮನೆಯ ಹಾಲು ಒಂದು ಮನೆಯ ಊಟಕ್ಕೆ ಸೇರಿದರೇ ಬಡವನ ಮನೆಯ ಕೂಟ ನಡೆಯುವುದು. ಇನ್ನೂ ದಕ್ಷಿಣದ ಸ್ಕೋನೆಯದು ಮತ್ತೊಂದು ಬಗೆ. ಮೊಟ್ಟೆ, ಸಕ್ಕರೆ, ಆಲೂಗೆಡ್ಡೆಯ ಹಿಟ್ಟು ಇವುಗಳ ತೆಳುವಾದ ಕಲಸನ್ನು, ಕೆಂಡದ ಮುಂದೆ ಮೆಲ್ಲಗೆ ತಿರುಗುವ ಕೋಲಿನ ಮೇಲೆ ಎಳೆ ಎಳೆಯಾಗಿ ಬಿಟ್ಟು ಬೇಯಿಸುತ್ತಾರೆ. ಗಂಟೆಗಟ್ಟಲೆ ಕೂತು ಮಾಡಿದ ಮೇಲೆ ಗೋಪುರದಂಥ ಕೇಕು ಏಳುತ್ತದೆ. ಅದನ್ನು ಕತ್ತರಿಸಲು ಚಾಕು ಸಾಲದು, ಸಣ್ಣ ಗರಗಸ ಬೇಕು.

ಕ್ರಿಸ್ಮಸ್ಸಿನ ರಾತ್ರಿ ಹಾಲಿನಲ್ಲಿ ಬೇಯಿಸಿದ ಅಕ್ಕಿಯ ಗಂಜಿ. ಅಕ್ಕಿ ಬೆಳೆಯದ ನಾಡಿನಲ್ಲಿ ಇದು ಹಣವಂತರಿಂದ ಕೆಳಗಿಳಿದು ಬಂದ ಭಕ್ಷ್ಯ. ಗಂಜಿಯಲ್ಲಿ ಒಂದೇ ಒಂದು ಬಾದಾಮಿ ಅಡಗಿಸಿಡುತ್ತಾರೆ. ಯಾರ ಬಟ್ಟಲಿಗೆ ಬಂತೋ ಅವರಿಗೆ ಬರುವ ವರ್ಷ ಮದುವೆ. ಕೊಟ್ಟಿಗೆ ಕಾಯುವ 'ತೊಮ್ತೆ' ಎಂಬ ಕುಳ್ಳ ಮುದುಕನಿಗೂ ಒಂದು ಬಟ್ಟಲು ಹೊರಗಿಡಬೇಕು. ಮರೆತರೆ ದನಕರುಗಳಿಗೆ ಕೇಡೆಂದು ನಂಬಿಕೆ.

ಈ ತಿಂಡಿಗಳಿಗೆಲ್ಲ ಸಿಹಿ ಎಲ್ಲಿಂದ ಬರುತ್ತಿತ್ತು? ಮೊದಲು ಜೇನು. ಸಕ್ಕರೆ ಹಡಗಿನಲ್ಲಿ ಬರಬೇಕು. ಶಂಕುವಿನ ಆಕಾರದ ಗಟ್ಟಿ ಮುದ್ದೆಯಾಗಿ ಕಾಗದ ಸುತ್ತಿ ಮಾರುತ್ತಿದ್ದ ಅದನ್ನು ಇಕ್ಕಳದಿಂದ ಚೂರು ಚೂರಾಗಿ ಮುರಿಯಬೇಕಾಗಿತ್ತು. ಆ ಬಿಳಿಯ ಮುದ್ದೆಯ ಹಿಂದೆ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಿದ್ದವು, ತೋಟಗಳಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರಿದ್ದರು. ಸ್ವೀಡನ್ ತಾನು ಇದರಿಂದ ದೂರ ಎನ್ನುವಂತಿಲ್ಲ. 1784ರಲ್ಲಿ ಸೇಂಟ್ ಬಾರ್ತೆಲೆಮಿ ಎಂಬ ದ್ವೀಪವನ್ನು ಫ್ರಾನ್ಸಿನಿಂದ ಪಡೆದು 1878ರವರೆಗೆ ಆಳಿತು. ಕಲ್ಲುನೆಲದ ಆ ಪುಟ್ಟ ದ್ವೀಪದಲ್ಲಿ ಕಬ್ಬು ಹೇಳಿಕೊಳ್ಳುವಂತೆ ಬೆಳೆಯಲಿಲ್ಲ. ಅಲ್ಲಿನ ರೇವಿನಲ್ಲಿ ವ್ಯಾಪಾರ ನಡೆಯಿತು, ಮನುಷ್ಯರ ವ್ಯಾಪಾರವೂ ಸೇರಿ. ಅಲ್ಲಿ ಗುಲಾಮಗಿರಿ ರದ್ದಾದದ್ದು 1847ರಲ್ಲಿ. ತಿನ್ನುವವನ ಹಬ್ಬಕ್ಕೆ ಬೇರೆ ಯಾರೋ ಬೆಲೆ ಕೊಡುವುದು ಈ ಚರಿತ್ರೆಯಲ್ಲಿ ಇದೊಂದೇ ಬಾರಿಯಲ್ಲ.

ಸಕ್ಕರೆಗಿಂತ ನನ್ನ ಕುತೂಹಲವನ್ನು ಕೆರಳಿಸಿದ್ದು ಏಲಕ್ಕಿ. ಯೂರೋಪಿನ ಬಹುಪಾಲು ದೇಶಗಳ ಅಡುಗೆಮನೆಯಲ್ಲಿ ಇದು ಅಪರೂಪದ ಅತಿಥಿ. ಸ್ವೀಡನ್ನಿನಲ್ಲಿ ಹಾಗಲ್ಲ, ಬನ್ನಿನ ಹಿಟ್ಟು ಎಂದರೆ ಏಲಕ್ಕಿ ಇದ್ದೇ ಇರಬೇಕು. ಕಾಳನ್ನು ನುಣ್ಣಗೆ ಅರೆಯುವುದಿಲ್ಲ, ತರಿತರಿಯಾಗಿ ಕುಟ್ಟುತ್ತಾರೆ. ಬನ್ನನ್ನು ಮುರಿದರೆ ಕಪ್ಪು ಚುಕ್ಕೆಗಳು ಕಾಣಬೇಕು, ಹಲ್ಲಿಗೆ ಸಿಗಬೇಕು. ಈ ಗಿಡದ ಹುಟ್ಟುನೆಲ ನಮ್ಮ ಪಶ್ಚಿಮಘಟ್ಟ. ಕೊಡಗು, ಮಲೆನಾಡುಗಳ ಮರದ ನೆರಳಿನಲ್ಲಿ ಬೆಳೆಯುವ ಕಾಯಿ, ನಮ್ಮ ಹೋಳಿಗೆ ಪಾಯಸಗಳಲ್ಲಿ ಪರಿಮಳಿಸುವ ಅದೇ ಕಾಯಿ, ಹಿಮ ಕವಿದ ಊರಿನ ಬೇಕರಿಯ ಮುಂದೆ ಹೋಗುವವನ ಮೂಗನ್ನು ಹಿಡಿದು ನಿಲ್ಲಿಸುತ್ತದೆ. ಇಂದು ಜಗತ್ತಿನ ಏಲಕ್ಕಿಯಲ್ಲಿ ಬಹುಭಾಗ ಬೆಳೆಯುವುದು ಗ್ವಾಟೆಮಾಲಾದಲ್ಲಿ. 20ನೆಯ ಶತಮಾನದ ಮೊದಲ ಭಾಗದಲ್ಲಿ ಗಿಡ ಅಲ್ಲಿಗೆ ವಲಸೆ ಹೋಯಿತು. ವಾಸನೆಗೆ ಮಾತ್ರ ಊರು ಬದಲಾಗಿಲ್ಲ.

18ನೆಯ ಶತಮಾನದ ಸಿರಿವಂತರ ಮನೆಯ ಅಡುಗೆಯನ್ನು ನಮಗೆ ಉಳಿಸಿಕೊಟ್ಟವಳು ಕೈಸಾ ವಾರ್ಗ್ ಎಂಬ ಹೆಂಗಸು. ದೊಡ್ಡ ಮನೆತನದವರ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಈಕೆ 1755ರಲ್ಲಿ, ಹೊಸದಾಗಿ ಸಂಸಾರ ಹೂಡುವ ಹೆಣ್ಣುಮಕ್ಕಳಿಗೆಂದು ಪುಸ್ತಕ ಬರೆದಳು. ಅರ್ಧ ಶತಮಾನಕ್ಕೂ ಮೀರಿ ಅದು ಮತ್ತೆ ಮತ್ತೆ ಅಚ್ಚಾಯಿತು. ಮನೆಯಲ್ಲಿ ಏನಿದೆಯೋ ಅದರಲ್ಲೇ ತೂಗಿಸಬೇಕು ಎಂಬ ಒಂದು ಮಾತನ್ನು ಸ್ವೀಡಿಷರು ಅವಳದೆಂದು ಹೇಳಿ ಆನಂದಿಸುತ್ತಾರೆ. ಆ ಮಾತು ಪುಸ್ತಕದಲ್ಲಿ ಎಲ್ಲೂ ಇಲ್ಲ! ಇರುವುದಕ್ಕೆ ಸಾಧ್ಯವೂ ಇಲ್ಲ; ಅವಳು ಅಡುಗೆ ಮಾಡಿದ್ದು ಎಲ್ಲವೂ ಇದ್ದ ಮನೆಗಳಲ್ಲಿ.

ಅವಳ ಪುಸ್ತಕ ಬಂದ ಮರುವರ್ಷವೇ, 1756ರಲ್ಲಿ, ಸರ್ಕಾರ ಕಾಫಿಯನ್ನು ನಿಷೇಧಿಸಿತು. ದೇಶದ ಹಣ ಹೊರಗೆ ಹೋಗುತ್ತದೆ, ಜನ ವಿಲಾಸಿಗಳಾಗುತ್ತಾರೆ ಎಂದು ವಾದ. ಅಲ್ಲಿಂದ 1820ರ ದಶಕದ ಆರಂಭದವರೆಗೆ ಐದು ಬಾರಿ ನಿಷೇಧ ಬಂತು, ಐದು ಬಾರಿಯೂ ಬಿದ್ದುಹೋಯಿತು. ಕದ್ದು ಕುಡಿದು ಕುಡಿದು ಜನಕ್ಕೆ ಅದರ ಮೇಲೆ ಇನ್ನಷ್ಟು ಪ್ರೀತಿ ಬೆಳೆಯಿತೋ ಏನೋ, ಇಂದು ಕಾಫಿ ಕುಡಿಯುವುದರಲ್ಲಿ ಸ್ವೀಡಿಷರು ಲೋಕದಲ್ಲೇ ಮುಂದಿನ ಸಾಲಿನವರು. ಕಾಫಿಯ ಜೊತೆಗೆ ತಿಂಡಿ ಇಟ್ಟುಕೊಂಡು ಕೂಡುವುದಕ್ಕೆ ಅವರು 'ಫೀಕಾ' ಎನ್ನುತ್ತಾರೆ. 'ಕಾಫಿ' ಎಂಬುದರ ಎರಡು ಅಕ್ಷರಗಳನ್ನು ಹಿಂದುಮುಂದು ಮಾಡಿ ಹುಟ್ಟಿದ ಪೋಲಿ ಮಾತು ಅದು. ನಮ್ಮ ಹುಡುಗರು ಗುಟ್ಟು ಮಾತಾಡಲು ಅಕ್ಷರ ತಿರುವಿಹಾಕುವುದಿಲ್ಲವೆ, ಹಾಗೆ.

19ನೆಯ ಶತಮಾನದ ನಡುವಿನಿಂದ ಮೂರು ನಾಲ್ಕು ಸಂಗತಿಗಳು ಒಟ್ಟಿಗೇ ಕೂಡಿಬಂದವು. 1747ರಲ್ಲೇ ಬರ್ಲಿನ್ನಿನ ಮಾರ್ಗ್‌ಗ್ರಾಫ್ ಎಂಬ ರಸಾಯನಶಾಸ್ತ್ರಜ್ಞ ಬೀಟ್ ಗೆಡ್ಡೆಯಲ್ಲಿ ಕಬ್ಬಿನದೇ ಸಕ್ಕರೆಯನ್ನು ಕಂಡುಹಿಡಿದಿದ್ದ; ಈಗ ಸ್ಕೋನೆಯ ಹೊಲಗಳಲ್ಲಿ ಬೀಟ್ ಬೆಳೆದು ಸಕ್ಕರೆ ಕಾರ್ಖಾನೆಗಳು ಎದ್ದವು. ಗೋಧಿಯ ಹಿಟ್ಟು ಅಗ್ಗವಾಯಿತು. ಒಳಗೆ ಬೇಯಿಸುವ ಗೂಡಿದ್ದ ಕಬ್ಬಿಣದ ಒಲೆ ಸಾಮಾನ್ಯರ ಮನೆಗೂ ಬಂತು. ಅದರೊಡನೆ ಬಂತು ಹೆಂಗಸರ ಕಾಫಿಕೂಟ. ಗಂಡಸರ ಪಾನಗೋಷ್ಠಿಗಳಿಗೆ ಹೋಗಲಾರದ ಹೆಂಗಸರು ಒಬ್ಬರ ಮನೆಯಲ್ಲಿ ಒಬ್ಬರು ಕೂಡಿ, ಊರಿನ ಸಮಾಚಾರ ವಿಚಾರಿಸಿಕೊಳ್ಳಲು ಮಾಡಿಕೊಂಡ ಏರ್ಪಾಡು. ಇದಕ್ಕೆ ಬರೆಯದ ಕಾನೂನಿತ್ತು: ತಟ್ಟೆಯಲ್ಲಿ ಏಳು ಬಗೆಯ ಬಿಸ್ಕತ್ತು-ಕೇಕುಗಳಿರಬೇಕು. ಏಳಕ್ಕೆ ಕಡಮೆಯಾದರೆ ಜಿಪುಣಿ, ಹೆಚ್ಚಾದರೆ ಜಂಬದವಳು. ಯಾವುದನ್ನು ಮೊದಲು ತೆಗೆದುಕೊಳ್ಳಬೇಕೆಂಬುದಕ್ಕೂ ಕ್ರಮವಿತ್ತು. ಸಾದಾ ಬನ್ನಿನಿಂದ ಹೊರಟು ಕೆನೆಯ ಕೇಕಿನಲ್ಲಿ ಮುಗಿಸಬೇಕು.

ಈ ಕಾಲದ ಒಬ್ಬ ಹೆಂಗಸಿನ ಮಾತನ್ನು ಹೇಳದೆ ಮುಂದೆ ಹೋಗಲಾರೆ. ವೆಟ್ಟರ್ನ್ ಎಂಬ ದೊಡ್ಡ ಸರೋವರದ ದಂಡೆಯಲ್ಲಿ ಗ್ರೆನ್ನಾ ಎಂದೊಂದು ಸಣ್ಣ ಪೇಟೆ. ಅಲ್ಲಿ ಅಮಾಲಿಯಾ ಎರಿಕ್ಸನ್ ಎಂಬವಳ ಗಂಡ, ದರ್ಜಿಯ ಕೆಲಸದವನು, ಕೈಗೂಸು ಹೆಣ್ಣುಮಗುವನ್ನು ಬಿಟ್ಟು ತೀರಿಕೊಂಡ. ಆ ಕಾಲದಲ್ಲಿ ಹೆಂಗಸು ಸುಮ್ಮನೆ ಅಂಗಡಿ ತೆರೆಯುವಂತಿರಲಿಲ್ಲ, ಪುರಸಭೆ ಒಪ್ಪಬೇಕು. 1859ರಲ್ಲಿ ಅರ್ಜಿ ಹಾಕಿ ಅಪ್ಪಣೆ ಪಡೆದಳು. ಸಕ್ಕರೆಯ ಪಾಕವನ್ನು ಗಟ್ಟಿಯಾಗುವಂತೆ ಕಾಯಿಸಿ, ಪುದೀನ ಜಾತಿಯ ಎಣ್ಣೆ ಬೆರೆಸಿ, ಬಿಸಿಯಿರುವಾಗಲೇ ಎಳೆದೆಳೆದು ಬೆಳ್ಳಗೆ ಮಾಡಿ, ಕೆಂಪು ಎಳೆ ಸುತ್ತಿ ತಿರುಚಿದ ಕಡ್ಡಿಮಿಠಾಯಿ ಮಾರಿದಳು. ಹೆಸರು 'ಪೊಲ್ಕಾಗ್ರೀಸ್'. ಪೊಲ್ಕಾ ಆಗ ಹುಚ್ಚು ಹಿಡಿಸಿದ್ದ ಹೊಸ ಕುಣಿತ, 'ಗ್ರೀಸ್' ಎಂದರೆ ಹಂದಿ, ಆಡುಮಾತಿನಲ್ಲಿ ಮಿಠಾಯಿ. ಪಾಕದ ಗುಟ್ಟನ್ನು ಬದುಕಿರುವವರೆಗೆ ಬಿಟ್ಟುಕೊಡಲಿಲ್ಲ. ಬದುಕಿದ್ದು ಸ್ವಲ್ಪವೇ? 1824ರಲ್ಲಿ ಹುಟ್ಟಿದವಳು 1923ರಲ್ಲಿ ತೀರಿಕೊಂಡಳು. ಇಂದು ಗ್ರೆನ್ನಾ ಪೇಟೆಯ ಬೀದಿ ತುಂಬ ಕಡ್ಡಿಮಿಠಾಯಿ ಮಾಡುವವರೇ. ಅವಳ ಪ್ರತಿಮೆಯೂ ಇದೆ. ದೊರೆಗಳ ಹೆಸರಿನ ಕೇಕುಗಳಿಗಿಂತ ಈ ಕಡ್ಡಿ ನನಗೆ ದೊಡ್ಡದಾಗಿ ಕಾಣುತ್ತದೆ. ಹಬ್ಬವನ್ನು ನೆಚ್ಚಿಕೊಳ್ಳದೆ, ಕಾಸು ಕೊಟ್ಟವನಿಗೆ ಯಾವ ದಿನವಾದರೂ ಸಿಹಿ ಎಂದು ಮಾರಿದವಳು ಅವಳು.

ಹಸಿರು ಬಾದಾಮಿ ಹಾಳೆ ಹೊದಿಸಿದ, ಗುಮ್ಮಟದಂಥ 'ರಾಜಕುಮಾರಿ ಕೇಕ'ನ್ನು ಹೆಸರಿಸದಿದ್ದರೆ ಸ್ವೀಡನ್ ನೋಡಿ ಬಂದವರು ಕೋಪಿಸಿಕೊಂಡಾರು. ಯೆನ್ನಿ ಓಕೆರ್‌ಸ್ಟ್ರೋಮ್ ಎಂಬ ಪಾಕಶಾಸ್ತ್ರದ ಉಪಾಧ್ಯಾಯಿನಿಯ ಪಾಠಶಾಲೆಯಿಂದ ಬಂದದ್ದು. ಮೊದಲ ಹೆಸರು ಬರಿಯ 'ಹಸಿರು ಕೇಕು'. ಅವಳ ಶಿಷ್ಯೆಯ‌ರಾಗಿದ್ದ ಕಾರ್ಲ್ ರಾಜಕುಮಾರನ ಮೂವರು ಹೆಣ್ಣುಮಕ್ಕಳಿಗೆ ಅದು ಮೆಚ್ಚಾಗಿದ್ದರಿಂದ ಹೆಸರು ಬದಲಾಯಿತು. ಆ ಮೂವರಲ್ಲಿ ಒಬ್ಬಳು, ಆಸ್ಟ್ರಿಡ್, ಬೆಲ್ಜಿಯಮ್ಮಿನ ರಾಣಿಯಾಗಿ 1935ರಲ್ಲಿ ಮೋಟಾರು ಅಪಘಾತದಲ್ಲಿ ಮಡಿದಳು.

ಎರಡನೆಯ ಮಹಾಯುದ್ಧದಲ್ಲಿ ಸ್ವೀಡನ್ ಹೋರಾಡಲಿಲ್ಲ, ಆದರೆ ಸಕ್ಕರೆ, ಕಾಫಿ, ಹಿಟ್ಟು ಎಲ್ಲಕ್ಕೂ ಪಡಿಚೀಟಿ ಬಂತು. ಯುದ್ಧ ಮುಗಿದ 1945ರಲ್ಲೇ 'ಏಳು ಬಗೆಯ ಕೇಕುಗಳು' ಎಂಬರ್ಥದ ಹೆಸರಿನ ಪುಸ್ತಕ ಹೊರಬಂದು, ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ಅಭಾವ ಕಂಡವರ ಆಸೆ ಅದರ ಮಾರಾಟದಲ್ಲಿ ಕಾಣುತ್ತದೆ. ದಾಲ್ಚಿನ್ನಿ ಸಕ್ಕರೆ ಸವರಿ ಸುರುಳಿ ಸುತ್ತಿದ ಬನ್ನು ದಿನನಿತ್ಯದ ತಿಂಡಿಯಾದದ್ದು ಈ ಯುದ್ಧೋತ್ತರ ವರ್ಷಗಳಲ್ಲಿ. ಸಿಹಿ ಪಂಚಾಂಗದ ಕಟ್ಟು ಬಿಡಿಸಿಕೊಂಡಿತ್ತು. ಆದರೆ ಹಲ್ಲಿನ ಲೆಕ್ಕ ಬೇರೆ. 1930ರ ದಶಕದಲ್ಲೇ ದೇಶದ ಜನರ ಹಲ್ಲುಗಳನ್ನು ಪರೀಕ್ಷಿಸಿದವರು ಗಾಬರಿಯಾಗಿದ್ದರು. ಪುಟ್ಟ ಮಕ್ಕಳ ಬಾಯಲ್ಲೂ ಹುಳುಕು. 1938ರಲ್ಲಿ ಸರ್ಕಾರ ಸಾರ್ವಜನಿಕ ದಂತಚಿಕಿತ್ಸೆಯ ವ್ಯವಸ್ಥೆ ಆರಂಭಿಸಿತು. ಹುಳುಕು ಹಲ್ಲನ್ನು ಕೀಳುವುದಿರಲಿ, ಹುಳುಕು ಬರುವುದೇತಕ್ಕೆ? ಸಕ್ಕರೆಯಿಂದಲೋ, ಜೀವಸತ್ವದ ಕೊರತೆಯಿಂದಲೋ? ಆಗ ಇದಕ್ಕೆ ಖಚಿತವಾದ ಉತ್ತರವಿರಲಿಲ್ಲ.

ಉತ್ತರ ಹುಡುಕಿದ ಜಾಗ ಲುಂಡ್ ನಗರದ ಅಂಚಿನಲ್ಲಿದ್ದ ವಿಪೆಹೋಲ್ಮ್ ಆಸ್ಪತ್ರೆ. 1935ರಲ್ಲಿ ತೆರೆದ ಆ ಸಂಸ್ಥೆಯಲ್ಲಿದ್ದವರು ಬುದ್ಧಿ ಬೆಳೆಯದವರು, ಕಲಿಸಲಾಗದವರು ಎಂದು ದೇಶದ ಮೂಲೆಮೂಲೆಯಿಂದ ತಂದು ಬಿಟ್ಟಿದ್ದ ನೂರಾರು ಮಂದಿ. ಬಹಳಷ್ಟು ಜನ ಅಲ್ಲಿಂದ ಹೊರಗೆ ಹೋಗುವವರಲ್ಲ. ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂಬುದನ್ನು ವರ್ಷಗಟ್ಟಲೆ ಲೆಕ್ಕವಿಡಬಹುದು. ವಿಜ್ಞಾನಿಗೆ ಇದಕ್ಕಿಂತ ಅನುಕೂಲ ಎಲ್ಲಿ ಸಿಕ್ಕೀತು? 1945ರಲ್ಲಿ ಸರ್ಕಾರದ ವೈದ್ಯಕೀಯ ಇಲಾಖೆಯ ಆಶ್ರಯದಲ್ಲಿ ಪ್ರಯೋಗ ಶುರುವಾಯಿತು. ಮೊದಲು ಜೀವಸತ್ವ ಕೊಟ್ಟು ನೋಡಿದರು. 1947ರಿಂದ ಸಕ್ಕರೆ. ಅವರನ್ನು ಗುಂಪು ಗುಂಪಾಗಿ ವಿಂಗಡಿಸಿ, ಒಂದು ಗುಂಪಿಗೆ ಊಟದ ಜೊತೆ ಸಕ್ಕರೆ ಕರಗಿಸಿದ ಪಾನೀಯ, ಒಂದಕ್ಕೆ ಸಿಹಿ ರೊಟ್ಟಿ, ಒಂದಕ್ಕೆ ಚಾಕೊಲೇಟು, ಒಂದಕ್ಕೆ ಕ್ಯಾರಮೆಲ್ ಕೊಟ್ಟರು. ಇನ್ನು ಕೆಲವರಿಗೆ, ಈ ಕೆಲಸಕ್ಕಾಗಿಯೇ ಹಲ್ಲಿಗೆ ಮೆತ್ತಿಕೊಳ್ಳುವಂತೆ ಮಾಡಿಸಿದ ಟಾಫಿ. ದಿನಕ್ಕೆ ಎಂಟು, ಕೆಲವರಿಗೆ ಇಪ್ಪತ್ತನಾಲ್ಕು, ಊಟ ಊಟಗಳ ನಡುವೆ. ಖರ್ಚಿನಲ್ಲಿ ಸಕ್ಕರೆ, ಚಾಕೊಲೇಟು ಉದ್ಯಮದವರ ಪಾಲೂ ಇತ್ತು.

ಫಲಿತಾಂಶ ಸ್ಪಷ್ಟವಾಗಿ ಬಂತು. ಊಟದ ಜೊತೆಗೆ ತಿಂದ ಸಕ್ಕರೆ ಹೆಚ್ಚು ಕೇಡು ಮಾಡಲಿಲ್ಲ. ನಡುನಡುವೆ ತಿಂದ, ಬಾಯಲ್ಲಿ ಬಹಳ ಹೊತ್ತು ಅಂಟಿಕೊಂಡಿರುವ ಸಿಹಿ ಹಲ್ಲನ್ನು ತಿಂದುಹಾಕಿತು. ಎಷ್ಟು ತಿಂದೆ ಎನ್ನುವುದಕ್ಕಿಂತ ಎಷ್ಟು ಸಲ ತಿಂದೆ ಎನ್ನುವುದು ಮುಖ್ಯ. 1954ರಲ್ಲಿ ಪೂರ್ಣ ವರದಿ ಅಚ್ಚಾದ ಮೇಲೆ ಜಗತ್ತಿನ ದಂತವೈದ್ಯರೆಲ್ಲ ಇದನ್ನು ಓದಿದರು, ಈಗಲೂ ಓದುತ್ತಾರೆ. ಮಗುವಿನ ಕೈಯಿಂದ ಚಾಕೊಲೇಟು ಕಿತ್ತಿಟ್ಟು ‘ಊಟ ಆದ್ಮೇಲೆ ತಿನ್ನು’ ಎನ್ನುವ ವೈದ್ಯರ ಬುದ್ಧಿಮಾತಿನ ಹಿಂದೆ ಈ ಪ್ರಯೋಗವಿದೆ.

ಹಲ್ಲು ಕೆಟ್ಟ ಮನುಷ್ಯರು? ಅವರನ್ನಾಗಲಿ ಅವರ ಬಂಧುಗಳನ್ನಾಗಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಉತ್ತರ ಹೇಳಬಲ್ಲವರು ಅವರಲ್ಲಿ ಎಷ್ಟು ಜನವಿದ್ದರೋ. 1947 ಎಂದೆನಷ್ಟೆ, ಅದೇ ವರ್ಷ ನ್ಯೂರಂಬರ್ಗಿನಲ್ಲಿ, ಸೆರೆಯವರ ಮೇಲೆ ಪ್ರಯೋಗ ಮಾಡಿದ ನಾಜಿ ವೈದ್ಯರಿಗೆ ಶಿಕ್ಷೆ ವಿಧಿಸುತ್ತ, ಮನುಷ್ಯನ ಸ್ವಂತ ಒಪ್ಪಿಗೆಯಿಲ್ಲದೆ ಅವನ ಮೇಲೆ ಪ್ರಯೋಗ ಸಲ್ಲದೆಂದು ನ್ಯಾಯಾಧೀಶರು ಬರೆದರು. ವಿಪೆಹೋಲ್ಮಿನ ವೈದ್ಯರನ್ನು ಆ ಪಾಪಿಗಳ ಸಾಲಿಗೆ ಸೇರಿಸುವುದು ಅನ್ಯಾಯ. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ದೇಶದ ಮಕ್ಕಳಿಗೆ ಒಳ್ಳೆಯದಾಗಲೆಂದೇ ಮಾಡಿದರು, ಒಳ್ಳೆಯದೂ ಆಯಿತು. ಆದರೂ ಆ ಟಾಫಿಯ ತಟ್ಟೆಯನ್ನು ನೆನೆದರೆ ಮನಸ್ಸು ಮುದುಡುತ್ತದೆ. ಹೊರಗೆ ಬಿಡುವವರಿಲ್ಲದ ಮನೆಯಲ್ಲಿ, ಮುದ್ದು ಮಾಡುವವರಿಲ್ಲದ ಜನಕ್ಕೆ ಯಾರೋ ದಿನಾ ಸಿಹಿ ಕೊಡುತ್ತಾರೆ. ಅವರು ಅದನ್ನು ಪ್ರೀತಿಯೆಂದು ತಿಳಿದಿರಬಹುದು. ವರದಿಯಲ್ಲಿ ಅವರಿಗೆ ಹೆಸರಿಲ್ಲ, 'ಇಪ್ಪತ್ತನಾಲ್ಕು ಟಾಫಿಯ ಗುಂಪು' ಎಂದಿದೆ.

1950ರ ದಶಕದ ಕೊನೆಯ ಹೊತ್ತಿಗೆ ಸರ್ಕಾರ ಮನೆಮನೆಗೆ ಹೊಸ ಬುದ್ಧಿವಾದ ಮುಟ್ಟಿಸಿತು. ಮಕ್ಕಳಿಗೆ ಮಿಠಾಯಿ ಬೇಕಾದಷ್ಟು ಕೊಡಿ, ಆದರೆ ವಾರಕ್ಕೊಂದೇ ಸಲ. ಜನ ಶನಿವಾರವನ್ನು ಆರಿಸಿಕೊಂಡರು. 'ಲೋರ್ಡಾಗ್ಸ್‌ಗೂದಿಸ್', ಶನಿವಾರದ ಮಿಠಾಯಿ ಎಂಬ ಮಾತು ಹುಟ್ಟಿತು. ಹೀಗೆ ಸಿಹಿಗೆ ಮತ್ತೆ ಒಂದು ದಿನವಾಯಿತು. ಹಿಂದೆ ಪಾದ್ರಿ ಹೇಳಿದ್ದನ್ನು ಈಗ ವೈದ್ಯ ಹೇಳಿದ. ಜನ ಪಾದ್ರಿಯ ಮಾತಿಗಿಂತ ಹೆಚ್ಚು ನಿಷ್ಠೆಯಿಂದ ಕೇಳಿದರು. ಮುಂದಿನ ದಶಕಗಳಲ್ಲಿ ಸ್ವೀಡನ್ನಿನ ಮಕ್ಕಳ ಹಲ್ಲು ಲೋಕದ ಅತ್ಯುತ್ತಮ ಹಲ್ಲುಗಳ ಸಾಲಿಗೆ ಬಂದವು. ಫ್ಲೋರೈಡಿಗೂ, ಮಕ್ಕಳಿಗೆ ಸಿಗುವ ಉಚಿತ ಚಿಕಿತ್ಸೆಗೂ ಇದರಲ್ಲಿ ಪಾಲು ಕೊಡಬೇಕು.

ದಿನದ ಕಟ್ಟು ಈಗ ಮತ್ತೆ ಸಡಿಲವಾಗಿದೆ. ಕ್ರಿಸ್ಮಸ್ ಮುಗಿಯುವುದೇ ತಡ, ಜನವರಿಯಲ್ಲೇ ಬೇಕರಿಗಳಲ್ಲಿ ಸೆಮ್ಲಾ ಬಂದು ಕೂಡುತ್ತದೆ; ಮಂಗಳವಾರಕ್ಕೆ ಯಾರೂ ಕಾಯುವುದಿಲ್ಲ. ಹಳೆಯ ದಿನಗಳು ಹೀಗೆ ಕರಗಿದರೆ ಹೊಸವನ್ನು ಮಾರುಕಟ್ಟೆ ಹುಟ್ಟಿಸುತ್ತದೆ: ದಾಲ್ಚಿನ್ನಿ ಬನ್ನಿಗೆ ಅಕ್ಟೋಬರ್ 4ನ್ನು 1999ರಲ್ಲಿ ಗೊತ್ತುಮಾಡಿದವರು, ಮನೆಯಲ್ಲಿ ಬೇಯಿಸುವುದನ್ನು ಪ್ರೋತ್ಸಾಹಿಸುವ ಒಂದು ಮಂಡಳಿಯವರು. ಮಿಠಾಯಿ ತಿನ್ನುವುದರಲ್ಲಿ ಸ್ವೀಡಿಷರು ಇಂದು ಜಗತ್ತಿನ ಮುಂಚೂಣಿಯಲ್ಲಿದ್ದಾರೆ. ಆದರೂ ಶನಿವಾರ ಉಳಿದಿದೆ. ಅಂದು ಅಂಗಡಿಗಳ ಗೋಡೆಯುದ್ದಕ್ಕೂ ಜೋಡಿಸಿದ ಪೆಟ್ಟಿಗೆಗಳಿಂದ ಬಣ್ಣ ಬಣ್ಣದ ಮಿಠಾಯಿಗಳನ್ನು ಮಕ್ಕಳು ಪುಟ್ಟ ಸಲಿಕೆಯಲ್ಲಿ ಮೊಗೆದು ಕಾಗದದ ಚೀಲಕ್ಕೆ ತುಂಬಿಕೊಳ್ಳುತ್ತಾರೆ, ತೂಕ ಹಾಕಿಸುತ್ತಾರೆ. ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆ ಈಗಿಲ್ಲ. ಆ ಆವರಣದಲ್ಲಿ ಇಂದು ಒಂದು ಹೈಸ್ಕೂಲು ನಡೆಯುತ್ತಿದೆ. ಶನಿವಾರ ಅದಕ್ಕೆ ರಜೆ.